ಕುದಿಯುವ ನೀರಿಗೊಂದು ಡಬ್ಬ

(ಹಳೆಯ ಮೋಟಾರು ಕಾರುಗಳು ಬಿಸಿಲುನಾಡುಗಳಿಗೆ ಒಗ್ಗಿದ ಬಗೆಯನ್ನು ಕುರಿತು ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ಇಟ್ಟಿದ್ದೇನೆ, ಹಿಂದಿನ ಸಾಲಿನವರಿಗೂ ಕಾಣುತ್ತಿರಬೇಕು. ಗುಜರಿ ಸೇರಿದ ಕಾರೊಂದರಿಂದ ಬಿಚ್ಚಿಕೊಂಡು ಬಂದದ್ದು. ಬಾನೆಟ್ ಎತ್ತಿದರೆ ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಪಕ್ಕದಲ್ಲಿ ಇಂಥದೊಂದು ಬಾಟಲಿ, ಅದಕ್ಕೊಂದು ಬೆರಳುಗಾತ್ರದ ರಬ್ಬರ್ ಪೈಪು. ಸರ್ವಿಸ್ ಮಾಡುವವರು ಕೂಲೆಂಟ್ ಸುರಿಯುವುದು ಇದಕ್ಕೇ. ನೋಡಲು ಏನೂ ಇಲ್ಲ, ಬೆಲೆಯೂ ಹೆಚ್ಚಿಲ್ಲ. ಆದರೆ ಇದರ ಅಜ್ಜ ಒಂದು ತಗಡಿನ ಡಬ್ಬ. ಆ ಡಬ್ಬ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಮರಳುಗಾಡಿನಲ್ಲಿ. ಇವತ್ತು ಆ ಡಬ್ಬದ ತನಕ ಹೋಗಿ ಬರೋಣ ಅಂತ.

ಮೋಟಾರು ಕಾರು ಹುಟ್ಟಿದ್ದು ತಂಪು ದೇಶದಲ್ಲಿ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಈಗಿನ ಅರ್ಥದ ರೇಡಿಯೇಟರ್ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು, ನೀರು ಕಾದು ಕುದಿದು ಆವಿಯಾಗಿ ಹೋಗುವುದು, ಹೋದಷ್ಟನ್ನು ಮತ್ತೆ ತುಂಬುವುದು. ಅಷ್ಟೇ ವ್ಯವಸ್ಥೆ. 1888ರಲ್ಲಿ ಅವರ ಹೆಂಡತಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದರಲ್ಲ, ಆ ಪ್ರಯಾಣದಲ್ಲಿ ಪೆಟ್ರೋಲಿಗಿಂತ ನೀರಿಗಾಗಿ ನಿಂತ ಸಲಗಳೇ ಹೆಚ್ಚಿರಬೇಕು. ದಾರಿಯುದ್ದಕ್ಕೂ ಹಳ್ಳಿ, ಹಳ್ಳಿಗೊಂದು ಬಾವಿ, ಅಲ್ಲಲ್ಲಿ ತೊರೆ. ನೀರು ಸಿಗುವ ಊರಿನಲ್ಲಿ ಇದು ತೊಂದರೆಯೇ ಅಲ್ಲ.

ಕುದಿಯುವುದು ಕೆಟ್ಟದ್ದು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 80 ಕಿಲೋಕ್ಯಾಲೊರಿ ಶಾಖ ಬೇಕು. ಅದೇ ಲೀಟರನ್ನು ಪೂರ್ತಿ ಆವಿ ಮಾಡಲು ಇನ್ನೂ ಸುಮಾರು 540 ಬೇಕು. ಅಂದರೆ ಕುದಿಯುವ ನೀರು ಇಂಜಿನ್ನಿನಿಂದ ಶಾಖವನ್ನು ಬಾಚಿಕೊಂಡು ಹೋಗುವ ಹಾಗೆ ಬರೀ ಬಿಸಿಯಾದ ನೀರು ಹೋಗಲಾರದು. ಕುದಿತ ಒಳ್ಳೆಯ ಆಳೇ. ಅವನ ಕೆಟ್ಟ ಗುಣ ಒಂದೇ, ಹೋದವನು ವಾಪಸ್ಸು ಬರುವುದಿಲ್ಲ.

ಕಾರು ದೊಡ್ಡದಾಗಿ ವೇಗ ಹೆಚ್ಚಿದಂತೆ ಬಾವಿಯಿಂದ ಬಾವಿಗೆ ನಿಲ್ಲುವುದು ಆಗದ ಮಾತಾಯಿತು. ಆಗ ಬಂದದ್ದು ವಿಲ್ಹೆಲ್ಮ್ ಮೈಬಾಖ್ ರೂಪಿಸಿದ ಜೇನುಹುಟ್ಟಿನಂಥ ರೇಡಿಯೇಟರ್. 1901ರ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿನ ಮುಂದೆ ಆರು ಮಿಲಿಮೀಟರ್ ಚದರದ 8,070 ಪುಟ್ಟ ಕೊಳವೆಗಳನ್ನು ಒತ್ತೊತ್ತಾಗಿ ಬೆಸೆದು ಕೂರಿಸಿದ್ದರು. ಕೊಳವೆಯೊಳಗೆ ಗಾಳಿ, ಅವುಗಳ ಸಂದಿನಲ್ಲಿ ನೀರು. ಹಿಂದಿನ ಕಾರಿಗೆ 18 ಲೀಟರ್ ನೀರು ಬೇಕಾಗಿದ್ದರೆ ಇದಕ್ಕೆ 9 ಸಾಕಾಯಿತು. ಇವತ್ತಿಗೂ ಕಾರು ಅಂದರೆ ಮುಂದೆ ಜಾಲರಿ ಇರಬೇಕು ಅನ್ನಿಸುತ್ತದಲ್ಲ, ಆ ಮುಖ ಅಲ್ಲಿಂದ ಬಂದದ್ದು.

ಇಲ್ಲಿಗೆ ಸಮಸ್ಯೆ ಮುಗಿಯಿತು ಅಂತ ತಂಪು ದೇಶದ ಎಂಜಿನಿಯರುಗಳು ಅಂದುಕೊಂಡರು. ಅವರ ಊರಿನ ಮಟ್ಟಿಗೆ ಮುಗಿದೂ ಇತ್ತು. ರೇಡಿಯೇಟರ್ ಹೊರಹಾಕುವ ಶಾಖ ನೀರಿಗೂ ಗಾಳಿಗೂ ಇರುವ ಬಿಸಿಯ ಅಂತರವನ್ನು ಅವಲಂಬಿಸಿದೆ. ನೀರು 95 ಡಿಗ್ರಿ, ಗಾಳಿ 15 ಡಿಗ್ರಿ ಇದ್ದರೆ ಅಂತರ 80. ಗಾಳಿಯೇ 45 ಡಿಗ್ರಿ ಆದರೆ ಅಂತರ 50ಕ್ಕೆ ಇಳಿಯಿತು. ಅದೇ ಕೆಲಸ ಆಗಬೇಕಾದರೆ ಅದೇ ರೇಡಿಯೇಟರ್ ಒಂದೂವರೆ ಪಟ್ಟಿಗೂ ದೊಡ್ಡದಿರಬೇಕು. ಅದರ ಮೇಲೆ ಮರಳು. ಮರಳಿನಲ್ಲಿ ಕಾರು ಕೆಳಗಿನ ಗೇರಿನಲ್ಲಿ ತೆವಳುತ್ತದೆ. ಇಂಜಿನ್ ಮೈಮುರಿದು ದುಡಿಯುತ್ತದೆ, ಆದರೆ ಕಾರು ಓಡದ ಕಾರಣ ಜಾಲರಿಗೆ ಗಾಳಿ ಬಡಿಯುವುದಿಲ್ಲ. ಅದರ ಮೇಲೆ ಹಿಂದಿನಿಂದ ಗಾಳಿ ಬೀಸಿತೋ, ಕಾರಿನ ವೇಗವೂ ಗಾಳಿಯ ವೇಗವೂ ಒಂದೇ ಆಗಿ ರೇಡಿಯೇಟರಿನ ಪಾಲಿಗೆ ಉಸಿರೇ ನಿಂತಂತೆ. ಘಟ್ಟ ಹತ್ತುವುದಾದರೆ ಇನ್ನೊಂದು ಪೆಟ್ಟು: 1,500 ಮೀಟರ್ ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ.

ಆ ಕಾಲದ ಬಹಳಷ್ಟು ಕಾರುಗಳಲ್ಲಿ ನೀರು ತಿರುಗಿಸುವ ಪಂಪು ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಮೊದಲ ಎರಡೂವರೆ ಸಾವಿರ ಕಾರುಗಳಿಗೆ ಪಂಪು ಇಟ್ಟು ಆಮೇಲೆ ಅದನ್ನು ತೆಗೆದೇಬಿಟ್ಟಿತು. ಕಾದ ನೀರು ಹಗುರ, ತಾನೇ ಮೇಲೇರಿ ರೇಡಿಯೇಟರಿನ ತಲೆಗೆ ಹೋಗುತ್ತದೆ. ಅಲ್ಲಿ ತಣ್ಣಗಾಗಿ ಭಾರವಾಗಿ ಕೆಳಗಿಳಿದು ಇಂಜಿನ್ನಿಗೆ ಮರಳುತ್ತದೆ. ಕೆಡುವಂಥದ್ದು ಏನೂ ಇಲ್ಲ, ಸೊಗಸಾದ ಉಪಾಯ. ಆದರೆ ಒಂದು ಷರತ್ತು. ಮೇಲಿನ ಪೈಪಿನ ಬಾಯಿ ಮುಳುಗುವಷ್ಟು ನೀರು ಸದಾ ಇರಬೇಕು. ಕುದಿದು ಕುದಿದು ಮಟ್ಟ ಆ ಬಾಯಿಗಿಂತ ಕೆಳಗಿಳಿದರೆ ತಿರುಗುವಿಕೆಯೇ ನಿಲ್ಲುತ್ತದೆ. ಮಾಡೆಲ್ ಟಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 11 ಲೀಟರ್. ಅದೆಲ್ಲ ಖಾಲಿಯಾಗಬೇಕಿಲ್ಲ, ಮೇಲಿನ ಒಂದಿಷ್ಟು ಹೋದರೆ ಸಾಕು, ಕೆಳಗೆ ಉಳಿದ ನೀರು ಇದ್ದೂ ಇಲ್ಲದಂತೆ. ಬಿಸಿಲುನಾಡಿನಲ್ಲಿ ಕಾರು ಕೆಟ್ಟು ನಿಂತ ಕಥೆಗಳಲ್ಲಿ 'ನೀರು ಇತ್ತು, ಆದರೂ ಸುಟ್ಟಿತು' ಅನ್ನುವುದಕ್ಕೆ ಇದು ಒಂದು ಕಾರಣ.

ಕಾರ್ಖಾನೆಯವರು ಕೊಟ್ಟ ಪರಿಹಾರಗಳು ನೇರವಾಗಿದ್ದವು. ದೊಡ್ಡ ರೇಡಿಯೇಟರ್. ನಾಲ್ಕು ಎಲೆಯ ಫ್ಯಾನಿನ ಬದಲು ಆರು ಎಲೆಯದು. ಬಾನೆಟ್ಟಿನ ಬದಿಗೆ ಇನ್ನಷ್ಟು ಸೀಳುಗಳು. ಬ್ರಿಟನ್ನಿನ ಕಂಪನಿಗಳು ಇಂಥವನ್ನು 'ಕಲೋನಿಯಲ್ ಮಾಡೆಲ್' ಅಂತ ಕರೆದು ನೆಲದಿಂದ ಸ್ವಲ್ಪ ಎತ್ತರಿಸಿ ಹಡಗಿಗೆ ಹತ್ತಿಸುತ್ತಿದ್ದವು. ಈ ಹೆಸರಿನ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಆಗ ಬ್ರಿಟನ್ನಿನಲ್ಲಿ ಕಾರಿನ ತೆರಿಗೆ ಅಶ್ವಶಕ್ತಿಯ ಮೇಲೆ, ಆ ಅಶ್ವಶಕ್ತಿಯ ಲೆಕ್ಕ ಸಿಲಿಂಡರಿನ ಅಗಲದ ಮೇಲೆ. ಹಾಗಾಗಿ ಅಲ್ಲಿನವರು ಸಣ್ಣ ಇಂಜಿನ್ ಮಾಡಿ ಅದನ್ನು ಜೋರಾಗಿ ತಿರುಗಿಸುವುದನ್ನು ಕಲಿತರು. ತಂಪು ಊರಿನ ನುಣ್ಣನೆ ರಸ್ತೆಗೆ ಅದು ಸರಿ. ಮರಳಿಗೂ ಧೂಳಿಗೂ ಬೇಕಾದದ್ದು ನಿಧಾನವಾಗಿ ತಿರುಗುವ, ಗೊಣಗದೆ ಎಳೆಯುವ ದೊಡ್ಡ ಇಂಜಿನ್. ಅಮೆರಿಕದ ಕಾರುಗಳು ಬಿಸಿಲುನಾಡುಗಳಲ್ಲಿ ಗೆದ್ದದ್ದಕ್ಕೆ ಬೆಲೆ ಒಂದೇ ಕಾರಣವಲ್ಲ, ಅವುಗಳ ಜನ್ಮವೇ ಕೆಟ್ಟ ರಸ್ತೆಯಲ್ಲಿ ಆಗಿತ್ತು.

ಓಡಿಸುವವರು ಕಂಡುಕೊಂಡದ್ದು ಬೇರೆ ಬಗೆಯದು. ಬಾನೆಟ್ಟಿನ ಬದಿಯ ತಗಡುಗಳನ್ನು ಬಿಚ್ಚಿ ಇಡುವುದು. ಕಾರು ಕುದಿಯತೊಡಗಿದರೆ ನೆರಳು ಹುಡುಕುವುದರ ಬದಲು ಗಾಳಿ ಬರುವ ದಿಕ್ಕಿಗೆ ಮೂತಿ ತಿರುಗಿಸಿ ನಿಲ್ಲಿಸುವುದು. ಆಗ ಸ್ಟಿಯರಿಂಗಿನ ಕೆಳಗೆ ಕಿಡಿ ಹಿಂದುಮುಂದು ಮಾಡುವ ಒಂದು ಸಣ್ಣ ಹಿಡಿ ಇರುತ್ತಿತ್ತು. ಸ್ಪಾರ್ಕ್ ತಡವಾಗಿ ಬಿದ್ದರೆ ಉರಿ ತಡವಾಗಿ ಹೊತ್ತಿ, ದುಡಿಮೆಗೆ ಬರಬೇಕಾದ ಶಾಖವೆಲ್ಲ ಸಿಲಿಂಡರಿನ ಗೋಡೆಗೂ ಸೈಲೆನ್ಸರಿಗೂ ಹೋಗುತ್ತದೆ. ಹೊಸಬರು ಕಾರು ಸ್ಟಾರ್ಟ್ ಮಾಡುವಾಗ ಆ ಹಿಡಿಯನ್ನು ಹಿಂದಕ್ಕೆ ಸರಿಸಿ, ಆಮೇಲೆ ಮುಂದಕ್ಕೆ ತರುವುದನ್ನು ಮರೆತು, ರೇಡಿಯೇಟರ್ ಸರಿಯಿಲ್ಲ ಅಂತ ಬೈಯುತ್ತಿದ್ದರು. ಎಷ್ಟು ರೇಡಿಯೇಟರುಗಳು ಮಾಡದ ತಪ್ಪಿಗೆ ಬೈಗುಳ ತಿಂದವೋ!

1912ರ ಹೊತ್ತಿಗೆ ಬಾಯ್ಸ್ ಮೋಟೋಮೀಟರ್ ಅಂತ ಒಂದು ಸಾಧನ ಬಂತು. ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲಿಸಿದ ಥರ್ಮಾಮೀಟರ್, ಡ್ರೈವರ್ ಕೂತಲ್ಲಿಂದಲೇ ಓದಬಹುದು. ಕಾರಿನ ಮೂತಿಯ ಮೇಲೆ ಅಂದವಾಗಿಯೂ ಕಾಣುತ್ತಿತ್ತು. ಆದರೆ ಅದರ ಬುಡ ಇರುತ್ತಿದ್ದದ್ದು ನೀರಿನಲ್ಲಲ್ಲ, ನೀರಿನ ಮೇಲಿನ ಆವಿಯಲ್ಲಿ. ನೀರೆಲ್ಲ ಸೋರಿಹೋದ ಕಾರಿನಲ್ಲಿ ಅದು ಏನೂ ಆಗಿಲ್ಲ ಅನ್ನುವ ಹಾಗೆ ತಣ್ಣಗೆ ಕೂತಿರಬಹುದಿತ್ತು.

ಈಗ ಡಬ್ಬದ ವಿಷಯಕ್ಕೆ ಬರೋಣ.

ಮೊದಲ ಮಹಾಯುದ್ಧದ ಕಾಲ, 1916. ಈಜಿಪ್ಟಿನ ಪಶ್ಚಿಮದ ಮರುಭೂಮಿಯಲ್ಲಿ ಸೆನುಸ್ಸಿ ಅನ್ನುವ ಧಾರ್ಮಿಕ ಪಂಥದ ಹೋರಾಟಗಾರರ ವಿರುದ್ಧ ಕಾವಲು ತಿರುಗಲು ಬ್ರಿಟಿಷ್ ಸೇನೆ ಲೈಟ್ ಕಾರ್ ಪ್ಯಾಟ್ರೋಲ್ ಅನ್ನುವ ತುಕಡಿಗಳನ್ನು ಕಟ್ಟಿತು. ಅವರ ಗಾಡಿ ಮಾಡೆಲ್ ಟಿ ಫೋರ್ಡ್. ಇದೇ ಕಾಲದಲ್ಲಿ ರೋಲ್ಸ್ ರಾಯ್ಸ್ ಚಾಸಿಯ ಮೇಲೆ ಉಕ್ಕಿನ ಹೊದಿಕೆ ಕಟ್ಟಿದ ಗಾಡಿಗಳೂ ಮರುಭೂಮಿಯಲ್ಲಿದ್ದವು, ಗಟ್ಟಿಯಾದ ನೆಲದಲ್ಲಿ ಅವು ರಾಜ. ಮೆತ್ತನೆ ಮರಳಿನಲ್ಲಿ ಮಾತ್ರ ತೂಕವೇ ಶತ್ರು. ಫೋರ್ಡ್ ಹೆಚ್ಚುಕಡಿಮೆ 540 ಕಿಲೋ, ಹೂತರೆ ನಾಲ್ಕು ಜನ ಎತ್ತಿ ಪಕ್ಕಕ್ಕಿಡಬಹುದು. ಯುದ್ಧ ಮುಗಿದ ಮೇಲೆ ಅಲ್ಲಿನ ಪಾಠಗಳನ್ನು ಮುಂದಕ್ಕೆ ಒಯ್ದವರು ರಾಲ್ಫ್ ಬ್ಯಾಗ್ನಲ್ಡ್ ಅನ್ನುವ ಸೈನ್ಯದ ಎಂಜಿನಿಯರ್. ರಜೆಯಲ್ಲಿ, ಸ್ವಂತ ಖರ್ಚಿನಲ್ಲಿ, ಗೆಳೆಯರನ್ನು ಕಟ್ಟಿಕೊಂಡು ಮರುಭೂಮಿ ಸುತ್ತುವ ಹುಚ್ಚು ಇವರಿಗೆ. 1929, 1930, 1932ರಲ್ಲಿ ಫೋರ್ಡ್ ಮಾಡೆಲ್ ಎ ಕಾರುಗಳಲ್ಲಿ ಲಿಬಿಯಾದ ಮರಳುಗಾಡಿನ ಒಳಕ್ಕೆ ಹೋದರು, ಕಾರಿನಿಂದ ದಾಟಲು ಆಗುವುದೇ ಇಲ್ಲ ಅಂದುಕೊಂಡಿದ್ದ ಮರಳುದಿಬ್ಬಗಳ ಸಾಲುಗಳನ್ನೂ ದಾಟಿದರು.

ಆ ಪಯಣಗಳಲ್ಲಿ ನೀರು ಅಂದರೆ ಹೊತ್ತುಕೊಂಡು ಹೋದದ್ದು ಮಾತ್ರ. ರೇಡಿಯೇಟರ್ ಕುಡಿದ ಪ್ರತಿ ಲೀಟರೂ ಮನುಷ್ಯನ ಬಾಯಿಂದ ಕಿತ್ತದ್ದು. ಅದಕ್ಕೆ ಅವರು ಮಾಡಿದ ಕೆಲಸ ನೋಡಿ. ರೇಡಿಯೇಟರಿನಿಂದ ಆವಿ ಹೊರಹೋಗುವ ದಾರಿಗಳನ್ನೆಲ್ಲ ಮುಚ್ಚಿದರು. ತಲೆಯಿಂದ ಒಂದೇ ಒಂದು ಪೈಪು ಎಳೆದು, ಕಾರಿನ ಬದಿಯ ಕಾಲುಹಲಗೆಯ ಮೇಲೆ ಕಟ್ಟಿದ ಡಬ್ಬಕ್ಕೆ ಇಳಿಸಿದರು. ಡಬ್ಬದಲ್ಲಿ ಮೊದಲೇ ಸ್ವಲ್ಪ ನೀರು, ಪೈಪಿನ ತುದಿ ಆ ನೀರಿನ ತಳದಲ್ಲಿ. ಇಂಜಿನ್ ಕುದಿದಾಗ ಆವಿ ಪೈಪಿನಲ್ಲಿ ಹಾದು ಡಬ್ಬದ ತಣ್ಣೀರಿನಲ್ಲಿ ಮುಳುಗಿ ನೀರಾಗುತ್ತದೆ. ಇಂಜಿನ್ ತಣ್ಣಗಾದಾಗ? ರೇಡಿಯೇಟರಿನಲ್ಲಿ ಉಳಿದ ಆವಿಯೂ ನೀರಾಗಿ ಅಲ್ಲಿ ನಿರ್ವಾತ ಉಂಟಾಗುತ್ತದೆ, ಅದು ಡಬ್ಬದ ನೀರನ್ನು ಅದೇ ಪೈಪಿನಲ್ಲಿ ಹಿಂದಕ್ಕೆ ಹೀರಿಕೊಳ್ಳುತ್ತದೆ. ಪಂಪಿಲ್ಲ, ವಾಲ್ವಿಲ್ಲ, ಕೈ ಹಾಕುವುದೂ ಬೇಡ.

ಡಬ್ಬದ ನೀರೇ ಕಾದು ಕುದಿಯತೊಡಗಿದರೆ ಅದು ಉಗುಳಲು ಶುರುಮಾಡುತ್ತದೆ. ಅದೇ ಸೂಚನೆ. ಆಗ ಕಾರನ್ನು ಗಾಳಿಗೆ ಎದುರಾಗಿ ನಿಲ್ಲಿಸಿ ಒಂದೆರಡು ನಿಮಿಷ ಕಾದರೆ ಗೊಳಗೊಳ ಅಂತ ಸದ್ದು ಮಾಡುತ್ತಾ ಕಾರು ತನ್ನ ನೀರನ್ನು ತಾನೇ ಕುಡಿಯುತ್ತದೆ. ಮರುಭೂಮಿಯ ಆ ಮೌನದಲ್ಲಿ ಈ ಸದ್ದು ಕೇಳಿದವರಿಗೆ ಎಷ್ಟು ಸಮಾಧಾನವಾಗಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದರಲ್ಲಿ ಇನ್ನೊಂದು ಲಾಭ ಅಡಗಿದೆ, ಅದನ್ನು ಜನ ಗಮನಿಸುವುದು ಕಡಿಮೆ. ಬಿಸಿಲುನಾಡಿನ ಬಾವಿಯ ನೀರು ಸಾಮಾನ್ಯವಾಗಿ ಗಡಸು ಅಥವಾ ಉಪ್ಪು. ಕುದಿದಷ್ಟನ್ನೂ ಅಂಥ ನೀರಿನಿಂದ ಭರ್ತಿ ಮಾಡುತ್ತಾ ಹೋದರೆ ಆವಿ ಮಾತ್ರ ಹೊರಗೆ ಹೋಗುತ್ತದೆ, ಸುಣ್ಣ ಒಳಗೇ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುವ ಹಾಗೆ ರೇಡಿಯೇಟರಿನ ಕೊಳವೆಗಳಿಗೆ ಪೊರೆ ಕಟ್ಟುತ್ತದೆ. ಪೊರೆ ಶಾಖವನ್ನು ತಡೆಯುತ್ತದೆ, ಕಾರು ಇನ್ನೂ ಬೇಗ ಕುದಿಯುತ್ತದೆ, ಇನ್ನಷ್ಟು ನೀರು ಬೇಡುತ್ತದೆ, ಇನ್ನಷ್ಟು ಸುಣ್ಣ ಸೇರುತ್ತದೆ. ಡಬ್ಬ ಕಟ್ಟಿದ ಕಾರು ಅದೇ ನೀರನ್ನು ಮತ್ತೆ ಮತ್ತೆ ಬಳಸುವುದರಿಂದ ಹೊಸ ಸುಣ್ಣ ಬರುವ ಬಾಗಿಲೇ ಮುಚ್ಚಿತು.

ದೊಡ್ಡ ರೇಡಿಯೇಟರ್ ಇಟ್ಟವರು ಕುದಿತವನ್ನು ತಡೆಯಲು ನೋಡಿದರು. ಡಬ್ಬ ಕಟ್ಟಿದವರು ಕುದಿತಕ್ಕೆ ಎಡೆ ಮಾಡಿಕೊಟ್ಟರು. ತಡೆಯುವುದು ಬೇರೆ, ಎಡೆ ಕೊಡುವುದು ಬೇರೆ. ಬಿಸಿಲಿಗೆ ಒಗ್ಗಿದ ಕಾರಿನ ಉಳಿದ ಭಾಗಗಳನ್ನು ನೋಡುವಾಗಲೂ ನನಗೆ ಈ ಎರಡು ದಾರಿಗಳೇ ಕಾಣುತ್ತವೆ.

ಚಕ್ರಗಳನ್ನೇ ತೆಗೆದುಕೊಳ್ಳಿ. ಆಗಿನ ಬಹುಪಾಲು ಕಾರುಗಳಿಗೆ ಮರದ ಅರೆಗಳ ಚಕ್ರ. ಒಣ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಅರೆಗಳು ಸಡಿಲಾಗಿ ಕಿರುಗುಟ್ಟುತ್ತವೆ, ತಿರುವಿನಲ್ಲಿ ಚಕ್ರ ಮಗುಚಿಕೊಳ್ಳಲೂಬಹುದು. ಗಾಡಿ ಕಟ್ಟಿ ಗೊತ್ತಿದ್ದವರು ಮಾಡಿದ್ದು ಹಳೆಯ ಕೆಲಸವನ್ನೇ: ಚಕ್ರಗಳು ಮುಳುಗುವ ಹಾಗೆ ಕಾರನ್ನು ನೀರಿಗಿಳಿಸಿ ರಾತ್ರಿಯಿಡೀ ಬಿಡುವುದು. ಮರ ಉಬ್ಬಿ ಬಿಗಿಯಾಗುತ್ತದೆ, ಕೆಲವು ದಿನದ ಮಟ್ಟಿಗೆ. 1907ರ ಪೀಕಿಂಗ್‌ನಿಂದ ಪ್ಯಾರಿಸ್‌ಗೆ ನಡೆದ ಓಟದಲ್ಲಿ ರಾಜಕುಮಾರ ಬೋರ್ಗೇಸೆಯ ಇಟಾಲಾ ಕಾರಿನ ಚಕ್ರ ಮುರಿದು, ರಷ್ಯಾದ ಹಳ್ಳಿಯ ಬಡಗಿಯೊಬ್ಬ ಕೊಡಲಿ ಹಿಡಿದು ಹೊಸದನ್ನು ಮಾಡಿಕೊಟ್ಟ. ಆ ಕಾರೇ ಓಟ ಗೆದ್ದಿತು. ಅದೇ ಓಟದಲ್ಲಿ ಓಗುಸ್ತ್ ಪೋನ್ಸ್‌ನ ಮೂರು ಚಕ್ರದ ಕೊಂತಾಲ್ ಗಾಡಿ ಗೋಬಿ ಮರುಭೂಮಿಯಲ್ಲಿ ಪೆಟ್ರೋಲ್ ಮುಗಿದು ಅಲ್ಲೇ ಉಳಿಯಿತು. ಮರದ ಚಕ್ರದ ಕಾಟ ತಪ್ಪಿದ್ದು ಉಕ್ಕಿನ ಕಡ್ಡಿಗಳ ಚಕ್ರವೂ ಒತ್ತಿ ಮಾಡಿದ ತಗಡಿನ ಚಕ್ರವೂ ಬಳಕೆಗೆ ಬಂದ ಮೇಲೆ.

ಟಯರಿನ ಕಥೆ ಇನ್ನೂ ಸ್ವಾರಸ್ಯ. ಮೊದಮೊದಲ ಟಯರಿನ ಒಳಗೆ ಇರುತ್ತಿದ್ದದ್ದು ಅಡ್ಡ ಉದ್ದ ನೇಯ್ದ ಕ್ಯಾನ್ವಾಸ್ ಬಟ್ಟೆ. ಟಯರ್ ಉರುಳಿ ಬಾಗಿದಾಗಲೆಲ್ಲ ಹಾಸುನೂಲೂ ಹೊಕ್ಕುನೂಲೂ ಒಂದನ್ನೊಂದು ಗರಗಸದ ಹಾಗೆ ತಿಕ್ಕುತ್ತಿದ್ದವು. ಬಿಸಿ ಹುಟ್ಟುತ್ತಿದ್ದದ್ದು ಒಳಗಿನಿಂದಲೇ, ಹೊರಗಿನ ಬಿಸಿಲು ಬರೀ ಜೊತೆಗಾರ. ಈ ಬಟ್ಟೆಯ ಬದಲು ಒಂದೇ ದಿಕ್ಕಿನ ದಾರಗಳನ್ನು ಪದರ ಪದರವಾಗಿ, ನಡುವೆ ರಬ್ಬರ್ ಇಟ್ಟು ಕೂರಿಸಿದ ಕಾರ್ಡ್ ಟಯರ್ ಬಂದದ್ದು ದೊಡ್ಡ ತಿರುವು. ರಬ್ಬರಿಗೆ ಇಂಗಾಲದ ಮಸಿ ಬೆರೆಸುವುದು 1910ರ ದಶಕದಲ್ಲಿ ಶುರುವಾಯಿತು. ಬಿಳಿಚಿಕೊಂಡಿದ್ದ ಟಯರ್ ಕಪ್ಪಾದದ್ದು ಆಗ, ಸವೆತ ತಡೆಯುವ ಶಕ್ತಿ ಬಂದದ್ದೂ ಆಗಲೇ. ಅಲ್ಲಿಯ ತನಕ ದೂರ ಹೊರಡುವವನು ಬಟ್ಟೆಬರೆಗಿಂತ ಹೆಚ್ಚು ಟ್ಯೂಬು ಹೊತ್ತುಕೊಂಡು ಹೋಗಬೇಕಿತ್ತು.

ಅಂದಹಾಗೆ ನಾವು ಸ್ಟೆಪ್ನಿ ಅನ್ನುತ್ತೇವಲ್ಲ. ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಅಣ್ಣತಮ್ಮಂದಿರು 1904ರಲ್ಲಿ ಮಾಡಿದ ಬದಲಿ ಚಕ್ರದ ಹೆಸರು ಅದು. ಪಂಕ್ಚರ್ ಆದ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೇ ಕೊಂಡಿ ಹಾಕಿ ಬಿಗಿಯುವ ವ್ಯವಸ್ಥೆ. ಆ ಕಂಪನಿ ಎಲ್ಲಿ ಹೋಯಿತೋ, ಬೀದಿಯ ಹೆಸರು ನಮ್ಮ ಬಾಯಲ್ಲಿ ಕನ್ನಡದ ಪದವಾಗಿ ಉಳಿದಿದೆ.

ಮರಳಿನಲ್ಲಿ ಟಯರಿಗೆ ಬೇಕಾದದ್ದು ಗಟ್ಟಿತನವಲ್ಲ, ಮೆತ್ತಗಿರುವುದು. ಆಗಿನ ಟಯರುಗಳಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದರು, ಮರಳಿಗೆ ಇಳಿದರೆ ಚಾಕುವಿನ ಹಾಗೆ ಕೊರೆಯುತ್ತಿದ್ದವು. ಬ್ಯಾಗ್ನಲ್ಡ್ ತಂಡದವರು ಗಾಳಿ ಬಿಟ್ಟು ಟಯರನ್ನು ಅಗಲ ಮಾಡಿಕೊಂಡರು. ಹೂತರೆ ಚಕ್ರದ ಕೆಳಗೆ ಉಕ್ಕಿನ ಉದ್ದ ಪಟ್ಟಿಗಳನ್ನು ಹಾಸಿದರು. 1923ರಲ್ಲಿ ಬಲೂನ್ ಟಯರ್ ಅನ್ನುವ ಕಡಿಮೆ ಒತ್ತಡದ ದಪ್ಪ ಟಯರ್ ಮಾರುಕಟ್ಟೆಗೆ ಬಂದದ್ದು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಾಯಿತು. ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಪ್ರಯಾಣಿಕರ ಬೆನ್ನು ಮಾತ್ರ.

ಫ್ರಾನ್ಸಿನ ಕಾರು ಕಂಪನಿ ಸಿಟ್ರೊಯೆನ್‌ನ ಸಹಾರಾ ಯಾತ್ರೆಯಲ್ಲೂ ಇಂಥದೇ ಒಂದು ತಮಾಷೆ ಇದೆ. 1922ರ ಡಿಸೆಂಬರ್ 17ರಂದು ಅಲ್ಜೀರಿಯಾದ ತುಗ್ಗುರ್ತ್‌ನಿಂದ ಐದು ಗಾಡಿಗಳು ಹೊರಟು 1923ರ ಜನವರಿ 7ರಂದು ಟಿಂಬಕ್ಟು ತಲುಪಿದವು. ಮುಂದೆ ಚಕ್ರ, ಹಿಂದೆ ರಬ್ಬರಿನ ಪಟ್ಟೆ ಸುತ್ತುವ ಆ ವ್ಯವಸ್ಥೆಯನ್ನು ಕಂಡುಹಿಡಿದದ್ದು ಅಡೋಲ್ಫ್ ಕೆಗ್ರೆಸ್. ಆತ ರಷ್ಯಾದ ಚಕ್ರವರ್ತಿಯ ಕಾರುಗಳ ಗ್ಯಾರೇಜನ್ನು ನೋಡಿಕೊಳ್ಳುತ್ತಿದ್ದವನು. ಕ್ರಾಂತಿಯಾದ ಮೇಲೆ ಫ್ರಾನ್ಸಿಗೆ ಮರಳಿದ. ಪಟ್ಟೆಗಳನ್ನು ಮಾಡಿದ್ದು ರಷ್ಯಾದ ಹಿಮದ ಮೇಲೆ ಓಡಲಿ ಅಂತ. ಹಿಮಕ್ಕೆ ಮಾಡಿದ್ದು ಸುಡುವ ಮರಳಿಗೆ ಒದಗಿತು.

ಆ ತಾರೀಖುಗಳನ್ನೂ ಗಮನಿಸಿ. ಡಿಸೆಂಬರ್, ಜನವರಿ. ಸಹಾರಾ ದಾಟಿದ್ದು ಚಳಿಗಾಲದಲ್ಲಿ. ಬ್ಯಾಗ್ನಲ್ಡ್ ಕೂಡ ಕಡುಬೇಸಿಗೆಗೆ ಕಾರು ಇಳಿಸಲಿಲ್ಲ. ಸಾಹಸಿಗೆ ಕ್ಯಾಲೆಂಡರ್ ಆರಿಸಿಕೊಳ್ಳುವ ಅವಕಾಶ ಇರುತ್ತದೆ, ಬಸ್ಸು ಓಡಿಸುವವನಿಗೆ ಇರುವುದಿಲ್ಲ. ಹಾಗಾಗಿ ನಿಜವಾದ ಪರೀಕ್ಷೆ ನಡೆದದ್ದು ಇನ್ನೊಂದು ಕಡೆ ಅಂತ ನನ್ನ ಅಭಿಪ್ರಾಯ. ನ್ಯೂಜಿಲೆಂಡಿನ ಜೆರಾಲ್ಡ್ ಮತ್ತು ನಾರ್ಮನ್ ನೇರ್ನ್ ಅಣ್ಣತಮ್ಮಂದಿರು 1923ರ ಅಕ್ಟೋಬರಿನಲ್ಲಿ ಡಮಾಸ್ಕಸ್‌ನಿಂದ ಬಾಗ್ದಾದಿಗೆ ಮರುಭೂಮಿಯ ಅಡ್ಡಕ್ಕೆ ಟಪಾಲು ಮತ್ತು ಪ್ರಯಾಣಿಕರ ಸರ್ವಿಸ್ ಶುರುಮಾಡಿದರು. ಬ್ಯೂಕ್, ಕ್ಯಾಡಿಲಾಕ್‌ಗಳಂಥ ದೊಡ್ಡ ಇಂಜಿನ್ನಿನ ಅಮೆರಿಕನ್ ಕಾರುಗಳು. ಟಪಾಲು ಆಗಸ್ಟ್ ತಿಂಗಳಲ್ಲೂ ಹೋಗಲೇಬೇಕು. ಡಮಾಸ್ಕಸ್ ಬಿಟ್ಟ ಮೇಲೆ ಬಹುಪಾಲು ದಾರಿ ಮೆತ್ತನೆ ಮರಳಲ್ಲ, ಗಟ್ಟಿಯಾದ ಬಯಲು, ವೇಗವಾಗಿ ಓಡಬಹುದು. ವೇಗವೇ ಅಲ್ಲಿ ಫ್ಯಾನು. 1937ರ ಹೊತ್ತಿಗೆ ಅವರು ಸ್ಟೇನ್‌ಲೆಸ್ ಸ್ಟೀಲಿನ ಉದ್ದ ಬಸ್ಸುಗಳನ್ನು ಅದೇ ದಾರಿಗೆ ತಂದರು, ಒಳಗೆ ಹವಾನಿಯಂತ್ರಣ ಬೇರೆ. ಇಂಜಿನ್ನಿಗೆ ತಂಪು ಕೊಡಲು ಹೆಣಗಿದ ಜನ ಹದಿನಾಲ್ಕೇ ವರ್ಷದಲ್ಲಿ ಪ್ರಯಾಣಿಕರಿಗೆ ತಂಪು ಮಾರುತ್ತಿದ್ದರು.

ಆಸ್ಟ್ರೇಲಿಯಾದ ವಿಷಯ ಎರಡೇ ಮಾತು. ಹ್ಯಾರಿ ಡಟನ್ ಮತ್ತು ಮರೇ ಆಂಗರ್ 1907ರಲ್ಲಿ ಟಾಲ್ಬಟ್ ಕಾರಿನಲ್ಲಿ ಅಡಿಲೇಡ್‌ನಿಂದ ಉತ್ತರಕ್ಕೆ ಹೊರಟು, ಗಾಡಿ ಕೆಟ್ಟು, ಅದನ್ನು ದಾರಿಯಲ್ಲೇ ಬಿಟ್ಟು ಬಂದರು. ಮರುವರ್ಷ ಇನ್ನೊಂದು ಟಾಲ್ಬಟ್ ತಂದು ಡಾರ್ವಿನ್ ತಲುಪಿದರು. ಆ ಖಂಡದ ನಡುಭಾಗದ ತೊಂದರೆ ಬಿಸಿಲಿಗಿಂತ ಹುಲ್ಲು. ಸ್ಪಿನಿಫೆಕ್ಸ್ ಅನ್ನುವ ಮುಳ್ಳುಹುಲ್ಲಿನ ಬೀಜ ರೇಡಿಯೇಟರಿನ ಕಣ್ಣುಗಳಲ್ಲಿ ತುಂಬಿಕೊಂಡು ಗಾಳಿಯನ್ನೇ ಕಟ್ಟಿಬಿಡುತ್ತದೆ, ಅದಕ್ಕೆ ಮುಂದೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಅಂಟಿನಂಶ ಇರುವ ಅದರ ಕಡ್ಡಿಗಳು ಕಾರಿನ ಹೊಟ್ಟೆಯಡಿ ಸಿಕ್ಕಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿ ಉರಿಯುತ್ತವೆ. ನಡುನಡುವೆ ನಿಂತು ಕೆಳಗೆ ಬಗ್ಗಿ ಕೀಳದಿದ್ದರೆ ಕಾರೇ ಚಿತೆ.

ಪೆಟ್ರೋಲಿನ ಬಗ್ಗೆ ಹೇಳಬೇಕು. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಗುಳ್ಳೆಯ ಹಿಂದೆ ಪೆಟ್ರೋಲ್ ಇದ್ದರೂ ಕಾರ್ಬುರೇಟರಿಗೆ ಬರುವುದಿಲ್ಲ. ಟ್ಯಾಂಕು ಎತ್ತರದಲ್ಲಿದ್ದು ತಾನೇ ಹರಿದುಬರುವ ಹಳೆಯ ಕಾರುಗಳಲ್ಲಿ ಈ ತೊಂದರೆ ಕಡಿಮೆ. ಇಂಜಿನ್ನಿಗೆ ಅಂಟಿಕೊಂಡ ಪಂಪು ಬಂದ ಮೇಲೆ ಹೆಚ್ಚಿತು. ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತುವ ವಿದ್ಯೆ ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಗೊತ್ತಿರುತ್ತದೆ, ನಗುತ್ತಿದ್ದಾರೆ ನೋಡಿ. ಇನ್ನು ಧೂಳು. ಮೊದಲ ಕಾರುಗಳಿಗೆ ಗಾಳಿ ಸೋಸುವ ಫಿಲ್ಟರ್ ಇರಲಿಲ್ಲ. ನುಣುಪಾದ ಮರಳು ಎಣ್ಣೆಯ ಜೊತೆ ಸೇರಿದರೆ ಸಾಣೆಹಿಟ್ಟೇ ಆಯಿತು, ಪಿಸ್ಟನ್ನನ್ನು ಒಳಗಿಂದಲೇ ಅರೆದುಹಾಕುತ್ತಿತ್ತು. ಬ್ಯಾಟರಿಗೆ ಬಿಸಿಲುನಾಡಿನಲ್ಲಿ ಆಸಿಡ್ಡನ್ನು ಸ್ವಲ್ಪ ತೆಳುವಾಗಿಯೇ ತುಂಬಬೇಕು, ತಂಪು ದೇಶದ ಹದ ಇಲ್ಲಿ ಪ್ಲೇಟುಗಳನ್ನು ಬೇಗ ತಿನ್ನುತ್ತದೆ.

ಬಾಡಿಯ ಮರಗೆಲಸದಲ್ಲಿ ಮತ್ತೆ ನಮ್ಮ ತಡೆ, ಎಡೆಗಳ ಜಗಳ. ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನಿಂದ ಕೂಡಿಸಿದ ಚೌಕಟ್ಟು ಶೆಕೆಯ ಊರಿನಲ್ಲಿ ಮೆತ್ತಗಾಗಿ ಬಿಡುತ್ತದೆ, ಒಣ ಊರಿನಲ್ಲಿ ಸಿಡಿಯುತ್ತದೆ. ಕೆಲವರು ತೇಗ ಹಾಕಿ ಸ್ಕ್ರೂ ಬಿಗಿದು ಗಟ್ಟಿ ಮಾಡಿದರು. 1920ರ ದಶಕದಲ್ಲಿ ಚಾರ್ಲ್ಸ್ ವೇಮನ್ ಮಾತ್ರ ಮರದ ತುಂಡುಗಳು ಒಂದಕ್ಕೊಂದು ತಾಕದ ಹಾಗೆ ನಡುವೆ ಸಂದು ಬಿಟ್ಟು, ಲೋಹದ ಪಟ್ಟಿಗಳಿಂದ ಕೂಡಿಸಿ, ಮೇಲೆ ಬಟ್ಟೆ ಹೊದಿಸಿದ ಬಾಡಿ ಮಾಡಿದ. ಅಲುಗಾಡಲಿ, ಕುಗ್ಗಲಿ, ಹಿಗ್ಗಲಿ ಅನ್ನುವ ಲೆಕ್ಕ. ಉಪಾಯ ಚೆನ್ನಾಗಿತ್ತು, ಆದರೆ ಹೊದಿಸಿದ ಬಟ್ಟೆ ಬಿಸಿಲಿಗೆ ಬೇಗ ಬಿರಿಯಿತು. ಎಡೆ ಕೊಟ್ಟವರೆಲ್ಲ ಗೆಲ್ಲುವುದಿಲ್ಲ.

ಕೊನೆಗೆ ಈ ಬಾಟಲಿ. ಮುಂದೆ ರೇಡಿಯೇಟರಿಗೆ ಸ್ಪ್ರಿಂಗಿನ ಮುಚ್ಚಳ ಬಂತು. ಒಳಗೆ ಒತ್ತಡ ಏರುವುದರಿಂದ ನೀರು ಕುದಿಯುವ ಬಿಂದುವೂ ಏರುತ್ತದೆ, ಅರ್ಧ ವಾಯುಭಾರದಷ್ಟು ಹೆಚ್ಚಿನ ಒತ್ತಡಕ್ಕೆ ಸುಮಾರು 111 ಡಿಗ್ರಿಯ ತನಕ. ಇದು ತಡೆಯುವವರ ಗೆಲುವು. ಅದಕ್ಕೂ ಮೀರಿ ಉಕ್ಕಿದ ನೀರು ಮುಚ್ಚಳ ಎತ್ತಿಕೊಂಡು ಈ ಪೈಪಿನಿಂದ ಈ ಬಾಟಲಿಗೆ ಬರುತ್ತದೆ, ಇಂಜಿನ್ ತಣಿದಾಗ ಮುಚ್ಚಳದಲ್ಲಿರುವ ಇನ್ನೊಂದು ಪುಟ್ಟ ವಾಲ್ವು ತೆರೆದುಕೊಂಡು ಅದೇ ನೀರು ಹಿಂದಕ್ಕೆ ಹೋಗುತ್ತದೆ. ಡಬ್ಬ ಹೋಯಿತು, ಕೆಲಸ ಉಳಿಯಿತು.

ಪ್ರಶ್ನೆಗಳಿದ್ದರೆ ಕೇಳಿ.

'ನೀರೇ ತೊಂದರೆ ಅಂದಮೇಲೆ ಗಾಳಿಯಿಂದ ತಣಿಯುವ ಇಂಜಿನ್ ಯಾಕೆ ಮಾಡಲಿಲ್ಲ ಸರ್?' ಅಂತ ಒಬ್ಬ ಹುಡುಗ ಕೇಳಿದ.

ಮಾಡಿದರಪ್ಪ. ಅಮೆರಿಕದ ಫ್ರಾಂಕ್ಲಿನ್ ಕಂಪನಿ 1902ರಿಂದ 1934ರ ತನಕ ಅದನ್ನೇ ಮಾಡಿತು, ಒಳ್ಳೆಯ ಕಾರುಗಳನ್ನೇ ಮಾಡಿತು. ಕುದಿಯಲು ನೀರೇ ಇಲ್ಲ, ಹೆಪ್ಪುಗಟ್ಟಲೂ ಇಲ್ಲ. ಆದರೆ ಗಾಳಿ ಶಾಖ ಹೊರುವುದರಲ್ಲಿ ಬಡವ. ಇಂಜಿನ್ ಸುತ್ತ ಬಲವಂತವಾಗಿ ತುಂಬಾ ಗಾಳಿ ಊದಬೇಕು. ಸರಿಯಾಗಿ ಮಾಡಲು ಖರ್ಚು ಹೆಚ್ಚು. ಅಗ್ಗದಲ್ಲಿ ಮಾಡಿದವರ ಕಾರಿನ ಸಿಲಿಂಡರ್ ತಲೆ ಕೆಂಪಗೆ ಕಾದದ್ದೂ ಉಂಟು.

ಒಬ್ಬ ಅಮ್ಮ ನನ್ನ ಮುಂಗೈ ಕಡೆ ಕೈ ತೋರಿಸಿ 'ಅದು ಏನಾಯ್ತು?' ಅಂದರು. ಅದು ಇಪ್ಪತ್ತೆರಡನೆಯ ವಯಸ್ಸಿನ ದುಡುಕು, ತಾಯಿ. ಕುದಿಯುತ್ತಿದ್ದ ಕಾರಿನ ಮುಚ್ಚಳವನ್ನು ಬರಿಗೈಯಲ್ಲಿ ತಿರುಗಿಸಿದೆ. ಒತ್ತಡ ಬಿಟ್ಟ ಕೂಡಲೇ ನೀರೆಲ್ಲ ಒಮ್ಮೆಗೇ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿತು. ಅಷ್ಟು ಸಾಲದು ಅಂತ ಖಾಲಿಯಾದ ಇಂಜಿನ್ನಿಗೆ ತಣ್ಣೀರು ಸುರಿದೆ. ಎರಕದ ಕಬ್ಬಿಣ ಟಪ್ ಅಂತ ಬಿರುಕು ಬಿಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ಕೈ ವಾಸಿಯಾಯಿತು, ಇಂಜಿನ್ ಆಗಲಿಲ್ಲ.

ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಎದ್ದರು. 'ನಿಮ್ಮ ಡಬ್ಬ ಕೈಕೊಡುತ್ತಿರಲಿಲ್ಲವೇ?' ಅಂತ ಕೇಳಿದರು. ಕೊಡುತ್ತಿತ್ತು, ಅದೂ ಮೋಸದ ರೀತಿಯಲ್ಲಿ. ಎಲ್ಲೋ ಒಂದು ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೆ ಸಾಕು, ಆವಿ ಡಬ್ಬಕ್ಕೆ ಹೋಗುವುದೇನೋ ಹೋಗುತ್ತದೆ, ಆದರೆ ತಣಿಯುವಾಗ ರೇಡಿಯೇಟರ್ ನೀರಿನ ಬದಲು ಆ ಸಂದಿನಿಂದ ಗಾಳಿಯನ್ನು ಹೀರುತ್ತದೆ. ಡಬ್ಬ ತುಂಬಿಕೊಂಡೇ ಇರುತ್ತದೆ, ರೇಡಿಯೇಟರ್ ಬರಿದಾಗುತ್ತಾ ಹೋಗುತ್ತದೆ. ತುಂಬಿದ ಡಬ್ಬ ನೋಡಿ ಡ್ರೈವರ್ ನಿಶ್ಚಿಂತೆಯಿಂದ ಓಡಿಸುತ್ತಾನೆ. 'ಈಗಿನ ಗಾಡಿಗಳಲ್ಲೂ ಅದೇ ಕಥೆ ಸ್ವಾಮಿ' ಅಂದರು ಅವರು. 'ಬಾಟಲಿ ಫುಲ್ ಇದೆ, ಆದರೂ ಗಾಡಿ ಹೀಟ್ ಆಗ್ತಿದೆ ಅಂತ ತಂದ್ರೆ, ನಾನು ಮೊದಲು ನೋಡೋದು ರೇಡಿಯೇಟರ್ ಮುಚ್ಚಳದ ವಾಷರ್.'